ಆರು ಕೀಬೋರ್ಡ್, ಒಂದು ಹಾರ್ಮೋನಿಯಂ, ಒಂದೇ ಹಾಲ್

ಪ್ರಶ್ನೆ: ಮೈಸೂರಿನ ನಮ್ಮ ಬಡಾವಣೆಯಲ್ಲಿ ಏಳು ಜನ ಸೇರಿ ಒಂದು ಹವ್ಯಾಸಿ ಬಳಗ ಮಾಡಿಕೊಂಡಿದ್ದೇವೆ. ಭಾನುವಾರ ಸಂಜೆ ಸಂಘದ ಹಾಲ್‌ನಲ್ಲಿ ಸೇರಿ ನುಡಿಸುತ್ತೇವೆ. ಇಬ್ಬರದು ಯಮಹಾ, ಮೂವರದು ಕ್ಯಾಸಿಯೊ (ಅದರಲ್ಲೊಂದು ಮಕ್ಕಳ ಮಿನಿ), ಹತ್ತನೇ ಕ್ಲಾಸಿನ ಹುಡುಗನದು ರೋಲ್ಯಾಂಡ್. ಭಜನಾ ಮಂಡಳಿಯ ಹಿರಿಯರೊಬ್ಬರು ತಮ್ಮ ಹಾರ್ಮೋನಿಯಂ ತರುತ್ತಾರೆ. ಇಬ್ಬರಿಗೆ ಕರ್ನಾಟಕ ಸಂಗೀತ ಗೊತ್ತು, ಕಾರ್ಡ್ಸ್ (ಮೂರ್ನಾಲ್ಕು ಸ್ವರ ಒಟ್ಟಿಗೆ ಒತ್ತುವುದು) ಗೊತ್ತಿಲ್ಲ. ಹುಡುಗನಿಗೆ ಕಾರ್ಡ್ಸ್ ಗೊತ್ತು, ರಾಗ ಗೊತ್ತಿಲ್ಲ. ಒಬ್ಬೊಬ್ಬರೇ ನುಡಿಸಿದರೆ ಚೆನ್ನಾಗಿರುತ್ತದೆ. ಒಟ್ಟಿಗೆ ಶುರು ಮಾಡಿದರೆ ಹುಚ್ಚರ ಸಂತೆ. ಮಿಕ್ಸರ್, ಆಂಪ್ ತಗೊಂಡರೆ ಸರಿಹೋಗುತ್ತೆ ಅಂತ ಒಬ್ಬರು ಹೇಳುತ್ತಿದ್ದಾರೆ. ಕೊಳ್ಳಬೇಕಾ? ಯಾರು ಏನು ನುಡಿಸಬೇಕು? ಕ್ಯಾಲಿಫೋರ್ನಿಯಾಗೆ ಹೋಗಿರುವ ನಮ್ಮ ಹಳೆಯ ಸದಸ್ಯರೊಬ್ಬರನ್ನು ವಿಡಿಯೊ ಕಾಲ್‌ನಲ್ಲಿ ಸೇರಿಸಿಕೊಳ್ಳಬಹುದಾ?

ಉತ್ತರ: ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ. ಈಗಿರುವ ಗದ್ದಲವನ್ನು ಮಿಕ್ಸರ್‌ಗೆ ಹಾಕಿದರೆ ಅದೇ ಗದ್ದಲ ಇನ್ನೂ ಜೋರಾಗಿ ಕೇಳಿಸುತ್ತದೆ, ಅಷ್ಟೇ.

ನಿಮ್ಮಲ್ಲಿ ಯಾರ ಕೈಯೂ ಕೆಟ್ಟಿಲ್ಲ. ತೊಂದರೆ ಇರುವುದು ವಾದ್ಯದಲ್ಲಿ. ಮನೆಬಳಕೆಯ ಕೀಬೋರ್ಡ್ ಅನ್ನೋದು ಒಬ್ಬನೇ ಕೂತು ಇಡೀ ಆರ್ಕೆಸ್ಟ್ರಾ ಥರ ಕೇಳಿಸಲಿ ಅಂತಲೇ ಮಾಡಿದ ಯಂತ್ರ. ಎಡಗೈಯಲ್ಲಿ ಮೂರು ಮನೆ (ಕೀ) ಒತ್ತಿದರೆ ಸಾಕು, ಡ್ರಮ್ಸ್, ಬೇಸ್, ಗಿಟಾರ್, ವಯಲಿನ್ ಗುಂಪು ಎಲ್ಲವೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಒಬ್ಬರಿದ್ದಾಗ ಅದು ವರ. ಆರು ಜನ ಹಾಗೆ ಮಾಡಿದರೆ ಹಾಲ್‌ನಲ್ಲಿ ಆರು ಡ್ರಮ್ಮರ್, ಆರು ಬೇಸ್ ಗಿಟಾರ್. ಅವರಲ್ಲಿ ಒಬ್ಬನಿಗೂ ಇನ್ನೊಬ್ಬನ ಮಾತು ಕೇಳಿಸುವುದಿಲ್ಲ. ಆದ್ದರಿಂದ ಜ್ಯಾಮ್‌ಗೆ, ಅಂದರೆ ಒಟ್ಟಿಗೆ ನುಡಿಸಲು, ಕೂತಾಗ ಕೀಬೋರ್ಡ್‌ನ ಮುಕ್ಕಾಲು ಪಾಲು ಕೆಲಸವನ್ನು ಬಂದ್ ಮಾಡಿಯೇ ಕೂರಬೇಕು.

ಮೊದಲ ನಿಯಮ: ರಿದಂ ಒಂದೇ ಯಂತ್ರದಲ್ಲಿ. ಉಳಿದ ಐದರಲ್ಲಿ ಸ್ಟೈಲ್ (ತಾನಾಗಿ ಬರುವ ರಿದಂ), ಅಕಂಪನಿಮೆಂಟ್ (ತಾನಾಗಿ ಸೇರುವ ಬೇಸ್, ಗಿಟಾರ್) ಎರಡೂ ಆಫ್. ಸಿಂಕ್ ಸ್ಟಾರ್ಟ್ ಅಂತ ಒಂದು ಬಟನ್ ಇರುತ್ತದೆ, ಅದರ ದೀಪ ಮಿಣುಕುತ್ತಿದ್ದರೆ ಅದನ್ನೂ ಆಫ್ ಮಾಡಿ. ಯಾರೋ ಹಾಡಿನ ಮಧ್ಯೆ ಸುಮ್ನೆ ಎಡಗಡೆ ಬೆರಳಿಟ್ಟ ಕೂಡಲೇ ಇನ್ನೊಂದು ಡ್ರಮ್ಸ್ ಧಡಾರ್ ಅಂತ ಶುರುವಾಗುವುದು ಇದರಿಂದಲೇ. 'ನಮ್ಮದೆಲ್ಲಾ 100ಕ್ಕೇ ಇಟ್ಟಿದ್ದೇವೆ, ಒಂದೇ ಸ್ಪೀಡ್ ಅಲ್ವಾ' ಅಂತ ಕೇಳಬಹುದು. ಸ್ಪೀಡ್ (ನಿಮಿಷಕ್ಕೆ 100 ಬೀಟ್) ಒಂದೇ, ಶುರು ಒಂದೇ ಅಲ್ಲ. ಬಟನ್ ಒತ್ತುವಾಗ ಕಾಲು ಸೆಕೆಂಡ್ ತಡವಾದರೆ ಆ ಕಾಲು ಸೆಕೆಂಡ್ ಹಾಡು ಮುಗಿಯುವ ತನಕ ಬೆನ್ನು ಬಿಡುವುದಿಲ್ಲ. ಇನ್ನು ಒಂದು 100, ಇನ್ನೊಂದು 101 ಇದ್ದರಂತೂ ಮೂವತ್ತೇ ಸೆಕೆಂಡಿನಲ್ಲಿ ಎರಡಕ್ಕೂ ಅರ್ಧ ಬೀಟ್ ಅಂತರ ಬೀಳುತ್ತದೆ.

ರಿದಂ ಯಾರು ಹಾಕಬೇಕು ಅನ್ನೋದನ್ನು ಸರದಿ ಮೇಲೆ ಇಟ್ಟುಕೊಳ್ಳಿ. ಎಲ್ಲಾ ಬಳಗದಲ್ಲೂ ತನ್ನ ಯಂತ್ರದ ರಿದಂ ಬಿಟ್ಟುಕೊಡಲು ಮನಸ್ಸಿಲ್ಲದ ಒಬ್ಬರಾದರೂ ಇರುತ್ತಾರೆ. ಸರದಿ ಇದ್ದರೆ ಜಗಳ ಇಲ್ಲ. ರಿದಂ ಇಟ್ಟವರು ಮೆಲೊಡಿ ನುಡಿಸದಿದ್ದರೆ ಇನ್ನೂ ಒಳ್ಳೆಯದು. ಇಂಟ್ರೊ, ಫಿಲ್, ಎಂಡಿಂಗ್ ಬಟನ್‌ಗಳನ್ನು ಹೊತ್ತಿಗೆ ಸರಿಯಾಗಿ ಒತ್ತುವುದೇ ಒಂದು ಪೂರ್ತಿ ಕೆಲಸ.

ಎರಡನೆಯದು ಶ್ರುತಿ. ಹವ್ಯಾಸಿಗಳ ಜ್ಯಾಮ್‌ನಲ್ಲಿ ಅತಿ ಹೆಚ್ಚು ಹೊತ್ತು ಹಾಳಾಗುವುದು ಇಲ್ಲಿಯೇ. ಮನೆಯಲ್ಲಿ ಯಾವುದೋ ಹಾಡಿಗೆ ಟ್ರಾನ್ಸ್‌ಪೋಸ್ (ಇಡೀ ಕೀಬೋರ್ಡ್‌ನ ಶ್ರುತಿ ಏರಿಸುವ, ಇಳಿಸುವ ಬಟನ್) ಒತ್ತಿ ಹಾಗೇ ಬಿಟ್ಟಿರುತ್ತಾರೆ. ಕೆಲವು ಮಾಡೆಲ್‌ಗಳು ಆಫ್ ಮಾಡಿದರೆ ಸೊನ್ನೆಗೆ ಬರುತ್ತವೆ, ಕೆಲವು ಸೆಟ್ಟಿಂಗ್ ನೆನಪಿಟ್ಟುಕೊಳ್ಳುತ್ತವೆ. ಆದ್ದರಿಂದ ಕೂತ ತಕ್ಷಣ ಎಲ್ಲರೂ ಮೂರು ನಂಬರ್ ನೋಡಿ: ಟ್ರಾನ್ಸ್‌ಪೋಸ್ 0, ಆಕ್ಟೇವ್ 0, ಟ್ಯೂನಿಂಗ್ 440 (ಹರ್ಟ್ಸ್, ಅಂದರೆ ಸೆಕೆಂಡಿಗೆ ಇಷ್ಟು ಕಂಪನ). ಆಮೇಲೆ ಒಬ್ಬೊಬ್ಬರಾಗಿ ಮಧ್ಯದ ಸಿ ಒತ್ತಿ. 61 ಕೀ ಇರುವ ಕೀಬೋರ್ಡ್‌ನಲ್ಲಿ ಎಡದಿಂದ ಮೂರನೆಯ ಸಿ ಅದು. ಯಾರದಾದರೂ ಬೇರೆ ಸ್ವರ ಕೇಳಿಸಿದರೆ ಅಲ್ಲೇ ಗೊತ್ತಾಗುತ್ತದೆ.

ಹಾರ್ಮೋನಿಯಂ ವಿಷಯ ಬೇರೆ. ಅದರ ಒಳಗಿರುವುದು ಹಿತ್ತಾಳೆಯ ರೀಡ್. ಅದು 440ಕ್ಕೇ ಕೂತಿರಬೇಕು ಅಂತೇನಿಲ್ಲ, ಕೂತಿದ್ದರೂ ಸ್ಥಳದಲ್ಲೇ ಬದಲಾಯಿಸಲು ಬರುವುದಿಲ್ಲ. ಹಾಗಾಗಿ ಪೆಟ್ಟಿಗೆಗೆ ಕೀಬೋರ್ಡ್‌ಗಳು ಹೊಂದಿಕೊಳ್ಳಬೇಕು. ಹಿರಿಯರು ಹಾರ್ಮೋನಿಯಂನಲ್ಲಿ ಒಂದು ಸ್ವರ ಹಿಡಿದುಕೊಳ್ಳಲಿ, ನೀವು ಅದೇ ಸ್ವರವನ್ನು ಸ್ಟ್ರಿಂಗ್ಸ್ ಅಥವಾ ಆರ್ಗನ್ ಧ್ವನಿಯಲ್ಲಿ ಉದ್ದಕ್ಕೆ ಹಿಡಿಯಿರಿ. ಪಿಯಾನೊ ಧ್ವನಿ ಬೇಡ, ಅದು ಬೇಗ ಇಂಗಿಹೋಗುತ್ತದೆ. ಎರಡೂ ಸ್ವಲ್ಪ ಬೇರೆ ಇದ್ದರೆ ನಾದ ಅಲುಗಾಡುತ್ತದೆ, ವ್ವಾ ವ್ವಾ ವ್ವಾ ಅಂತ. ಮಧ್ಯದ ಸಿ ಮೇಲಿನ ಎ ಸ್ವರದಲ್ಲಿ ಒಂದು 440, ಇನ್ನೊಂದು 442 ಇದ್ದರೆ ಸೆಕೆಂಡಿಗೆ ಸರಿಯಾಗಿ ಎರಡು ಸಲ. ಕೀಬೋರ್ಡ್‌ನ ಟ್ಯೂನಿಂಗ್ ಸೆಟ್ಟಿಂಗ್‌ನಲ್ಲಿ ಒಂದೊಂದೇ ಅಂಕಿ ಏರಿಸುತ್ತಾ, ಇಳಿಸುತ್ತಾ ಹೋಗಿ. ಅಲುಗಾಟ ನಿಧಾನವಾಗಿ ಒಂದು ಕಡೆ ನಿಂತೇಬಿಡುತ್ತದೆ. ಆ ನಂಬರ್ ಬರೆದಿಟ್ಟುಕೊಂಡು ಉಳಿದ ಐದಕ್ಕೂ ಅದನ್ನೇ ಹಾಕಿ. ಸಾಮಾನ್ಯ ಕೀಬೋರ್ಡ್‌ಗಳು 440ರಿಂದ ಆಚೀಚೆ ಹತ್ತು ಹರ್ಟ್ಸ್‌ನಷ್ಟಾದರೂ ಸರಿಯುತ್ತವೆ. ಪುಟ್ಟ ಮಿನಿಗಳಲ್ಲಿ ಈ ಸೌಲಭ್ಯ ಇಲ್ಲದಿರಬಹುದು. ಇಲ್ಲದಿದ್ದರೆ ಅದಕ್ಕೆ ಸ್ವರ ಬೇಡ, ಆಮೇಲೆ ಹೇಳುವ ಹಾಗೆ ತಾಳದ ಕೆಲಸ ಕೊಡಿ.

ನಿಮ್ಮ ಬಳಗದಲ್ಲಿ ಮೂರು ಭಾಷೆಯವರಿದ್ದಾರೆ. ಕರ್ನಾಟಕ ಸಂಗೀತದವರು 'ಐದು ಮನೆ' ಅನ್ನುತ್ತಾರೆ, ಹಾರ್ಮೋನಿಯಂ ಹಿರಿಯರು 'ಬಿಳಿ ಐದು' ಅನ್ನುತ್ತಾರೆ, ಹುಡುಗ 'ಜಿ' ಅನ್ನುತ್ತಾನೆ. ಮೂರೂ ಒಂದೇ. ಒಂದು ಮನೆ ಅಂದರೆ ಬಿಳಿ ಒಂದು, ಸಿ. ಒಂದೂವರೆ ಅಂದರೆ ಕಪ್ಪು ಒಂದು, ಸಿ ಶಾರ್ಪ್. ಎರಡು ಅಂದರೆ ಬಿಳಿ ಎರಡು, ಡಿ. ನಾಲ್ಕು ಅಂದರೆ ಬಿಳಿ ನಾಲ್ಕು, ಎಫ್. ನಾಲ್ಕೂವರೆ ಅಂದರೆ ಕಪ್ಪು ಮೂರು, ಎಫ್ ಶಾರ್ಪ್. ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಬಿಡಿ.

ಹಾಡುವವರಿಗೆ ಬೇರೆ ಶ್ರುತಿ ಬೇಕಾದಾಗ ಟ್ರಾನ್ಸ್‌ಪೋಸ್ ಬಳಸಬೇಕೋ ಬೇಡವೋ? ಪಾಶ್ಚಾತ್ಯ ಪದ್ಧತಿಯಲ್ಲಿ ಕಲಿಸುವವರು ಬೇಡ ಅನ್ನುತ್ತಾರೆ. ನಾನು ಬೇಕು ಅನ್ನುತ್ತೇನೆ. ನಿಮ್ಮಲ್ಲಿ ಅರ್ಧ ಜನಕ್ಕೆ ಸಿ ಅಂದರೆ ಷಡ್ಜ. ಅದನ್ನು ಕಿತ್ತು ಬೇರೆ ಕಡೆ ಇಡಿ ಅಂದರೆ ಭಾನುವಾರ ಸಂಜೆಯ ಖುಷಿಯೇ ಹೋಗುತ್ತದೆ. ಆದರೆ ಒಂದು ಷರತ್ತು: ಒತ್ತಿದರೆ ಎಲ್ಲರೂ ಒತ್ತಬೇಕು, ಒಂದೇ ಅಂಕಿ ಒತ್ತಬೇಕು. ಐದು ಮನೆ ಬೇಕಿದ್ದರೆ ಪ್ಲಸ್ 7 ಬದಲು ಮೈನಸ್ 5 ಇಡಿ, ಎರಡೂ ಜಿ ಸ್ವರವೇ. ಪ್ಲಸ್ 7ರಲ್ಲಿ ಧ್ವನಿಗಳು ತೀರಾ ಕೀರಲಾಗುತ್ತವೆ. ಹಿರಿಯರಿಗೆ ಏನೂ ಹೇಳಬೇಕಾಗಿಲ್ಲ. ಅವರು ಬಿಳಿ ಐದಕ್ಕೆ ಕೈ ಹಾಕಿ ನುಡಿಸುತ್ತಾ ಹೋಗುತ್ತಾರೆ, ಅಭ್ಯಾಸ ಅದೇ ಅಲ್ವಾ.

ಈಗ ಯಾರು ಏನು ನುಡಿಸಬೇಕು ಅನ್ನೋದು. ನಿಮ್ಮ ಆರು ಕೀಬೋರ್ಡ್‌ಗಳೂ ಆನ್ ಮಾಡಿದ ಕೂಡಲೇ ಪಿಯಾನೊ ಧ್ವನಿಯಲ್ಲೇ ಏಳುತ್ತವೆ. ಆರು ಜನ ಒಂದೇ ಧ್ವನಿಯಲ್ಲಿ, ಒಂದೇ ಸ್ಥಾಯಿಯಲ್ಲಿ, ಒಂದೇ ಹಾಡು ನುಡಿಸಿದರೆ ಯಾರು ತಪ್ಪಿದ್ದು ಅಂತ ಕೂಡ ತಿಳಿಯುವುದಿಲ್ಲ. ಜಾಗ ಹಂಚಿಕೊಳ್ಳಿ. ಮಧ್ಯದ ಸಿಗಿಂತ ಎಡಕ್ಕೆ ಒಬ್ಬರೇ: ಬೇಸ್ ಧ್ವನಿ, ಒಂದು ಬೆರಳು, ಒಂದೊಂದೇ ಸ್ವರ. ರಿದಂ ಹಾಕಿದ ಯಂತ್ರದಲ್ಲೂ ಅಕಂಪನಿಮೆಂಟ್ ಆಫ್ ಮಾಡಿ, ಬರೀ ಡ್ರಮ್ಸ್ ಅಥವಾ ತಬಲಾ ಮಾತ್ರ ಬರಲಿ. ಇಲ್ಲದಿದ್ದರೆ ಅದರ ಬೇಸ್‌ಗೂ ನಿಮ್ಮ ಬೇಸ್‌ಗೂ ತಿಕ್ಕಾಟ. ಮಧ್ಯದ ಸಿ ಆಸುಪಾಸಿನಲ್ಲಿ ಒಬ್ಬರು ಕಾರ್ಡ್, ಬಲಗೈಯಲ್ಲಿ ಮಾತ್ರ. ಅದರ ಮೇಲಿನ ಸ್ಥಾಯಿಯಲ್ಲಿ ಮೆಲೊಡಿ, ಒಂದು ಹೊತ್ತಿಗೆ ಒಬ್ಬರೇ. ಉಳಿದವರಲ್ಲಿ ಒಬ್ಬರು ಸ್ಟ್ರಿಂಗ್ಸ್ ಧ್ವನಿಯಲ್ಲಿ ಒಂದೇ ಸ್ವರ ಉದ್ದಕ್ಕೆ ಹಿಡಿಯಬಹುದು. ಮಿಕ್ಕವರು ಕೈ ಕಟ್ಟಿ ಕೂತು ಕೇಳಬೇಕು. ಹೌದು, ಇದು ಕಷ್ಟ. ಮುಂದೆ ಕೀಬೋರ್ಡ್ ಇದ್ದಾಗ ಕೈ ಸುಮ್ಮನಿರುವುದಿಲ್ಲ.

ಎಡಗಡೆ ಕಾರ್ಡ್ ಹಿಡಿಯಬೇಡಿ ಅನ್ನುವುದಕ್ಕೆ ಕಾರಣ ಇದೆ. ಕೆಳಗಿನ ಸ್ವರಕ್ಕೆ ಅದರದ್ದೇ ಆದ ಮೇಲುಸ್ವರಗಳು ಜಾಸ್ತಿ ಕೇಳಿಸುತ್ತವೆ. ಅಲ್ಲಿ ಸ, ಗ ಪಕ್ಕಪಕ್ಕ ಒತ್ತಿದರೆ ಎರಡರ ಮೇಲುಸ್ವರಗಳೂ ಒಂದಕ್ಕೊಂದು ಉಜ್ಜಿ ಶಬ್ದ ರಾಡಿಯಾಗುತ್ತದೆ. ಅದೇ ಸ, ಗ ಒಂದು ಸ್ಥಾಯಿ ಮೇಲೆ ಒತ್ತಿ ನೋಡಿ, ತಿಳಿಯಾಗಿ ಕೇಳಿಸುತ್ತದೆ. ಈ ಒಂದು ಬದಲಾವಣೆಗೇ ಹಾಲ್‌ನ ಅರ್ಧ ಗದ್ದಲ ಇಳಿಯುತ್ತದೆ. ಜೊತೆಗೆ ರಿವರ್ಬ್ ಕಮ್ಮಿ ಮಾಡಿ. ಸಂಘದ ಹಾಲ್ ಅಂದರೆ ಬರೀ ಗೋಡೆ, ಟೈಲ್ಸ್. ಪ್ರತಿಧ್ವನಿ ಅಲ್ಲಿ ಪುಕ್ಕಟೆ ಸಿಗುತ್ತದೆ.

ಮಿನಿ ಕೀಬೋರ್ಡ್ ಬಗ್ಗೆ ಒಂದು ಮಾತು. ಅಂಥ ಹಲವು ಮಾಡೆಲ್‌ಗಳಲ್ಲಿ ಒಂದೇ ಹೊತ್ತಿಗೆ ಎಂಟು ಸ್ವರ ಮಾತ್ರ ಬರುತ್ತವೆ, ರಿದಂ ಹಾಕಿದರೆ ಇನ್ನೂ ಕಮ್ಮಿ. ಕಾರ್ಡ್‌ಗೆ ಅದು ಬೇಡ. ಡ್ರಮ್ಸ್ ಅಥವಾ ತಬಲಾ ಧ್ವನಿ ಇದ್ದರೆ ಕೈಯಲ್ಲೇ ತಾಳ ನುಡಿಸಲಿ. ಮಕ್ಕಳಿಗೆ ಅದೇ ಜಾಸ್ತಿ ಇಷ್ಟ.

ಹಾಡಿಗೆ ಈಗಲೇ ಕೈ ಹಾಕಬೇಡಿ. ಒಂದಷ್ಟು ವಾರ ಮೊದಲ ಅರ್ಧ ಗಂಟೆ ಕಪ್ಪು ಮನೆಗಳ ಮೇಲೆ ಮಾತ್ರ ನುಡಿಸಿ. ಟ್ರಾನ್ಸ್‌ಪೋಸ್ ಸೊನ್ನೆ. ಒಂದು ಸ್ಥಾಯಿಯಲ್ಲಿ ಕಪ್ಪು ಮನೆ ಐದು. ಕಪ್ಪು ಮೂರನ್ನು, ಅಂದರೆ ಎಫ್ ಶಾರ್ಪ್ ಅನ್ನು ಸ ಮಾಡಿಕೊಂಡರೆ ಆ ಐದೂ ಸೇರಿ ಮೋಹನ. ನಿಮ್ಮ ಹಿರಿಯರ ಲೆಕ್ಕದಲ್ಲಿ ಭೂಪ್. ಈ ಐದರಲ್ಲಿ ಯಾವ ಎರಡರ ನಡುವೆಯೂ ಅರ್ಧ ಸ್ವರದ ಅಂತರ ಇಲ್ಲ. ಕಿವಿಗೆ ಜಾಸ್ತಿ ಚುಚ್ಚುವುದು ಆ ಅಂತರವೇ. ಅದಿಲ್ಲದ್ದರಿಂದ ಯಾರು ಯಾವ ಕಪ್ಪು ಮನೆ ಯಾವಾಗ ಒತ್ತಿದರೂ ದೊಡ್ಡ ಅಪಸ್ವರ ಆಗುವುದಿಲ್ಲ. ನಿನ್ನೆ ಮೊದಲ ಸಲ ಕೀಬೋರ್ಡ್ ಮುಟ್ಟಿದವರೂ ಸೇರಿಕೊಳ್ಳಬಹುದು.

ಕರ್ನಾಟಕ ಸಂಗೀತ ಬಲ್ಲ ನಿಮ್ಮ ಇಬ್ಬರಿಗೆ ಇಲ್ಲಿ ನಿಜವಾದ ಆಟ ಸಿಗುತ್ತದೆ. ಅವೇ ಐದು ಮನೆ, ಬೇಸ್‌ನವರು ಬರೀ ಸ ಬದಲಿಸಲಿ. ಕಪ್ಪು ನಾಲ್ಕನ್ನು ಸ ಮಾಡಿದರೆ ಮಧ್ಯಮಾವತಿ. ಕಪ್ಪು ಐದು ಸ ಆದರೆ ಹಿಂದೋಳ. ಕಪ್ಪು ಒಂದಾದರೆ ಶುದ್ಧ ಸಾವೇರಿ. ಕಪ್ಪು ಎರಡಾದರೆ ಶುದ್ಧ ಧನ್ಯಾಸಿ. ಗ್ರಹಭೇದ ಅಂತ ಪಾಠದಲ್ಲಿ ಕೇಳಿರುತ್ತಾರೆ, ಇಲ್ಲಿ ಕಿವಿಗೇ ಬಂದು ಕೂರುತ್ತದೆ. ಬೇಸ್‌ನವರು ಎಡಗಡೆ ಕಪ್ಪು ಮೂರು, ಕಪ್ಪು ಒಂದು ಎರಡನ್ನೂ ಸ, ಪ ಅಂತ ಹಿಡಿದುಕೊಂಡಿರಲಿ. ಎರಡರ ನಡುವೆ ದೂರ ಇರುವುದರಿಂದ ಇಲ್ಲಿ ರಾಡಿಯಾಗುವುದಿಲ್ಲ. ಮೇಲೆ ಮೋಹನ ನಡೆಯುತ್ತಿರಲಿ. ಕಣ್ಣಲ್ಲೇ ಸನ್ನೆ ಮಾಡಿ ಬೇಸ್ ಅನ್ನು ಕಪ್ಪು ಐದಕ್ಕೆ ಒಯ್ಯಲಿ. ಮೇಲಿನವರ ಬೆರಳು ಬದಲಾಗಿರುವುದಿಲ್ಲ, ರಾಗ ಬದಲಾಗಿರುತ್ತದೆ. ಒಂದು ಎಚ್ಚರ: ಹಿಂದೋಳದಲ್ಲಿ ಪ ಇಲ್ಲ. ಅಲ್ಲಿ ಸ ಜೊತೆ ಮ ಹಿಡಿಯಬೇಕು, ಅಂದರೆ ಕಪ್ಪು ಎರಡು. ಅಭ್ಯಾಸಬಲದಲ್ಲಿ ಪ ಹಿಡಿಯಲು ಹೋದರೆ ಕೈ ಬಿಳಿ ಮನೆಗೆ ಬಿದ್ದು ಎಡವಟ್ಟಾಗುತ್ತದೆ.

ಸರದಿ ಹೇಗೆ? ನಮ್ಮ ಕಚೇರಿಗಳ ತನಿ ಆವರ್ತನದ ಪದ್ಧತಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಮೃದಂಗ, ಘಟ, ಖಂಜಿರ ಒಬ್ಬರಾದ ಮೇಲೆ ಒಬ್ಬರು ನುಡಿಸುತ್ತಾರೆ, ಸರದಿ ಚಿಕ್ಕದಾಗುತ್ತಾ ಬರುತ್ತದೆ, ಕೊನೆಗೆ ಎಲ್ಲರೂ ಒಟ್ಟಿಗೆ ಸೇರಿ ಮುಗಿಸುತ್ತಾರೆ. ನೀವೂ ಹಾಗೇ ಮಾಡಿ. ರಿದಂ 80ಕ್ಕೆ ಇಡಿ. ಎಂಟು ಬೀಟ್‌ಗೆ ಒಂದು ಆವರ್ತನ, ಆರು ಸೆಕೆಂಡ್. ರಿದಂನವರು, ಬೇಸ್‌ನವರು ಬಿಟ್ಟರೆ ಉಳಿದವರು ಐದು ಜನ. ಮೊದಲ ಸುತ್ತು ತಲಾ ನಾಲ್ಕು ಆವರ್ತನ, ಎರಡನೆಯದು ತಲಾ ಎರಡು, ಮೂರನೆಯದು ತಲಾ ಒಂದು. ಮೂರೂವರೆ ನಿಮಿಷದಲ್ಲಿ ಎಲ್ಲರಿಗೂ ಮೂರು ಮೂರು ಸಲ ಸರದಿ ಬಂದು ಹೋಗಿರುತ್ತದೆ. ಆಮೇಲೆ ಎಲ್ಲರೂ ಒಟ್ಟಿಗೆ. ಒಂದೇ ಆವರ್ತನ ಸಿಕ್ಕಾಗ ಎಲ್ಲರೂ ಪಟಪಟ ಸ್ವರ ಸುರಿಯಲು ಹೋಗುತ್ತಾರೆ. ನಾಲ್ಕೇ ಸ್ವರದಲ್ಲಿ ಏನಾದರೂ ಹೇಳಿ ಅಂತ ಪಂಥ ಕಟ್ಟಿ ನೋಡಿ. ತಪ್ಪಿದರೆ ನಿಲ್ಲಿಸಬಾರದು, ಬೀಟ್ ಹಿಡಿದು ಮುಂದೆ ಹೋಗಬೇಕು. 'ಸಾರಿ, ಇನ್ನೊಂದ್ಸಲ' ಅನ್ನೋದಕ್ಕೆ ಹಾಲ್‌ನಲ್ಲಿ ಜಾಗ ಇಲ್ಲ.

ಇನ್ನು ಕಾರ್ಡ್. ಕರ್ನಾಟಕ ಸಂಗೀತದವರಿಗೆ ಇದನ್ನು ಸಿ ಮೇಜರ್, ಎ ಮೈನರ್ ಅಂತ ಕಲಿಸಲು ಹೋಗಬೇಡಿ. ಸ್ವರದಲ್ಲೇ ಹೇಳಿ. ಸಿ ಮೇಜರ್ ಅಂದರೆ ಸ ಗ ಪ. ಎ ಮೈನರ್ ಅಂದರೆ ದ ಸ ಗ. ಎಫ್ ಮೇಜರ್ ಅಂದರೆ ಮ ದ ಸ. ಜಿ ಮೇಜರ್ ಅಂದರೆ ಪ ನಿ ರಿ. ಎಲ್ಲಾ ಶಂಕರಾಭರಣದ ಸ್ವರಗಳು, ಎಲ್ಲಾ ಬಿಳಿ ಮನೆ. ಕೈಯನ್ನು ಆ ತುದಿಯಿಂದ ಈ ತುದಿಗೆ ನೆಗೆಸಬೇಕಾಗಿಯೂ ಇಲ್ಲ. ಮಧ್ಯದ ಸಿ ಮೇಲೆ ಸ ಗ ಪ ಹಿಡಿಯಿರಿ. ಕೊನೆಯ ಬೆರಳನ್ನು ಮಾತ್ರ ದ ಮೇಲಕ್ಕೆ ಸರಿಸಿ: ಸ ಗ ದ. ಇದು ಎ ಮೈನರ್. ಈಗ ನಡುವಿನ ಬೆರಳು ಮಾತ್ರ ಮ ಮೇಲಕ್ಕೆ: ಸ ಮ ದ. ಇದು ಎಫ್. ಆಮೇಲೆ ಮೂರು ಬೆರಳೂ ಸ್ವಲ್ಪ ಕೆಳಕ್ಕೆ: ನಿ ರಿ ಪ. ಇದು ಜಿ. ಅಲ್ಲಿಂದ ಮತ್ತೆ ಸ ಗ ಪ. ಈ ನಾಲ್ಕನ್ನು ನಾಲ್ಕು ನಾಲ್ಕು ಬೀಟ್‌ನಂತೆ ಸುತ್ತಿಸುತ್ತಾ ಇದ್ದರೆ ಇನ್ನೊಬ್ಬರು ಅದರ ಮೇಲೆ ಬಿಳಿ ಮನೆಗಳಲ್ಲಿ ಏನು ಬೇಕಾದರೂ ಕಟ್ಟಬಹುದು. ಕಾರ್ಡ್ ಬದಲಾಗುವ ಬೀಟ್‌ನಲ್ಲಿ ಆ ಕಾರ್ಡ್‌ನ ಮೂರರಲ್ಲಿ ಒಂದು ಸ್ವರದ ಮೇಲೆ ಬಂದು ನಿಲ್ಲಿ ಅನ್ನುವುದಷ್ಟೇ ಸೂಚನೆ.

ಇದನ್ನು ಕಲಿಸುವ ಕೆಲಸವನ್ನು ಆ ಹುಡುಗನಿಗೇ ಕೊಡಿ. ಪಾಶ್ಚಾತ್ಯ ಸಂಗೀತದ ಗ್ರೇಡ್ ಪರೀಕ್ಷೆಗೆ ಓದುವ ಮಕ್ಕಳು ಕಾಗದ ನೋಡಿ ಸೊಗಸಾಗಿ ನುಡಿಸುತ್ತಾರೆ, ಕಾಗದ ತೆಗೆದರೆ ಪರದಾಡುತ್ತಾರೆ. ಅವನು ಹಿರಿಯರ ಪಕ್ಕ ಕೂರಲಿ. ಅವನಿಗೂ ಬೇರೆಲ್ಲೂ ಸಿಗದ ಪಾಠ ಅಲ್ಲಿ ಸಿಗುತ್ತದೆ.

ನಿಮ್ಮ ಪತ್ರದಲ್ಲಿ ಹಾರ್ಮೋನಿಯಂ ಹಿರಿಯರನ್ನು ಸ್ವಲ್ಪ ಹೊರಗಿನವರಂತೆ ಹೇಳಿದ್ದೀರಿ. ನನ್ನ ಪ್ರಕಾರ ನಿಮ್ಮ ಗುಂಪಿನ ಆಸ್ತಿ ಅವರೇ. ಭಜನೆಗೆ ಸಾಥ್ ಕೊಡುವವರು ಹಾಡುವವರ ಬಾಯಿ ನೋಡಿ ನುಡಿಸುತ್ತಾರೆ. ಯಾವಾಗ ನುಡಿಸಬೇಕು ಅನ್ನುವುದಕ್ಕಿಂತ ಯಾವಾಗ ಕೈ ಎತ್ತಬೇಕು ಅನ್ನೋದು ಅವರಿಗೆ ಗೊತ್ತು. ಗಮಕ (ಸ್ವರವನ್ನು ಜಾರಿಸಿ, ಅಲುಗಿಸಿ ನುಡಿಸುವುದು) ಬರುವುದಿಲ್ಲ ಅನ್ನೋ ದೂರಿನ ಮೇಲೆ ಈ ಪೆಟ್ಟಿಗೆಯನ್ನು ಆಕಾಶವಾಣಿ 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಅಷ್ಟೂ ವರ್ಷ ನಮ್ಮ ನಾಟಕ ಕಂಪನಿಗಳಲ್ಲಿ, ಭಜನೆಗಳಲ್ಲಿ ಅದು ನಡೆದೇ ಇತ್ತು. ಬೆಳಗಾವಿಯ ಪಂಡಿತ್ ರಾಮಭಾವು ಬಿಜಾಪುರೆಯವರಂಥ ಹಾರ್ಮೋನಿಯಂ ಕಲಾವಿದರನ್ನು ಕೊಟ್ಟ ನಾಡು ಇದು. ಒಂದು ಸಂಜೆ ಅವರನ್ನೇ ಮುಂದಾಳು ಮಾಡಿ. ಅವರು ಒಂದು ಸಾಲು ನುಡಿಸಲಿ, ಒಬ್ಬೊಬ್ಬರಾಗಿ ಅದನ್ನೇ ತಿರುಗಿ ನುಡಿಸಿ. ಒಂದೇ ಗಂಟೆಯಲ್ಲಿ ಗುಂಪಿನ ಕಿವಿ ಚುರುಕಾಗುತ್ತದೆ.

ಆ ಹಳೆಯ ದೂರು ಕೀಬೋರ್ಡ್‌ಗೂ ಸಲ್ಲುತ್ತದೆ. ಪಿಚ್ ಬೆಂಡ್ ಚಕ್ರ ಇದ್ದರೆ ಸ್ವಲ್ಪ ಜಾರಿಸಬಹುದು, ಅದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ತೋಡಿ, ಸಾವೇರಿಯಂಥ ರಾಗಗಳನ್ನು ಕಾರ್ಡ್ ಹಾಕಿ ಜ್ಯಾಮ್ ಮಾಡಲು ಹೋಗಬೇಡಿ. ಇದು ನನ್ನ ಮಡಿವಂತಿಕೆ ಅಂದುಕೊಂಡರೂ ಸರಿ. ಅಲ್ಲಿ ಸ್ವರ ಒಂದು ಕಡೆ ನಿಲ್ಲುವುದೇ ಇಲ್ಲ, ನಿಂತ ಕಾರ್ಡ್ ಅದರ ಜೊತೆ ಏನು ಮಾಡೀತು?

ಹಾಡುಗಳಿಗೆ ಬಂದಾಗ ಮೊದಲು ತಾಳ ನೋಡಿ. ನೀವು ಆರಿಸುವ ಭಾವಗೀತೆ, ಸಿನಿಮಾ ಹಾಡುಗಳಲ್ಲಿ ಬಹಳಷ್ಟು ಎಂಟರ ಕೆಹರ್ವಾ ಅಥವಾ ಆರರ ದಾದ್ರಾಕ್ಕೆ ಹೊಂದುತ್ತವೆ. ಭಾರತಕ್ಕೆಂದೇ ಮಾಡಿದ ಕೀಬೋರ್ಡ್‌ಗಳಲ್ಲಿ ಇವೆರಡೂ ಹೆಸರಿನ ಸಮೇತ ಇರುತ್ತವೆ. ಆರರ ಹಾಡಿಗೆ ಎಂಟರ ರಿದಂ ಹಾಕಿ ಒದ್ದಾಡುವ ಗುಂಪುಗಳನ್ನು ಸಾಕಷ್ಟು ನೋಡಿದ್ದೇನೆ. ಕೈಯಲ್ಲಿ ತಟ್ಟಿ ಎಣಿಸಿದರೆ ಅರ್ಧ ನಿಮಿಷದ ಕೆಲಸ.

ಕೂರುವುದು ಅರ್ಧ ಚಂದ್ರಾಕಾರದಲ್ಲಿ, ಎಲ್ಲರಿಗೂ ಎಲ್ಲರ ಮುಖ ಕಾಣುವಂತೆ. ಮಧ್ಯದಲ್ಲಿ ರಿದಂ ಮತ್ತು ಬೇಸ್. ವಾಲ್ಯೂಮ್‌ಗೆ ಹಾರ್ಮೋನಿಯಂ ಅಳತೆಗೋಲು. ಮೈಕ್ ಇಲ್ಲದೆ ಅದು ಎಲ್ಲರಿಗೂ ಕೇಳಿಸಬೇಕು, ಮಿಕ್ಕಿದ್ದೆಲ್ಲಾ ಅದಕ್ಕಿಂತ ಕೆಳಗೆ. ಮನೆಬಳಕೆಯ ಎಷ್ಟೋ ಕೀಬೋರ್ಡ್‌ಗಳಲ್ಲಿರುವುದು 2.5 ವ್ಯಾಟ್‌ನ ಎರಡು ಸ್ಪೀಕರ್. ಪೂರ್ತಿ ಏರಿಸಿದರೆ ಶಬ್ದ ದೊಡ್ಡದಾಗುವುದಕ್ಕಿಂತ ಒಡೆಯುವುದೇ ಜಾಸ್ತಿ. ಅಕ್ಕಪಕ್ಕದವರ ಬಗ್ಗೆಯೂ ಗಮನ ಇರಲಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಇಲ್ಲಿ ರಾತ್ರಿ ಅಂದರೆ 10ರಿಂದ ಬೆಳಗ್ಗೆ 6ರವರೆಗೆ.

ಖರ್ಚು ಮಾಡಲೇಬೇಕು ಅಂತಿದ್ದರೆ ಮೊದಲು ಒಂದು ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್ ತಗೊಳ್ಳಿ, ಜೊತೆಗೆ ಬಣ್ಣದ ಟೇಪ್. ತಮಾಷೆ ಅಲ್ಲ. ಯಮಹಾದ ಸಾಮಾನ್ಯ ಅಡಾಪ್ಟರ್ 12 ವೋಲ್ಟ್, ಪಿನ್ನಿನ ಒಳಗಡೆ ಪ್ಲಸ್. ಕ್ಯಾಸಿಯೊದ ಹಳೆಯ ಕೀಬೋರ್ಡ್‌ಗಳದು 9 ವೋಲ್ಟ್, ಒಳಗಡೆ ಮೈನಸ್. ತಿರುಗುಮುರುಗು. ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಪಿನ್ ಚುಚ್ಚಿದರೆ ಕೀಬೋರ್ಡ್ ಸುಟ್ಟೇ ಹೋಗಬಹುದು. ಪ್ರತಿ ಅಡಾಪ್ಟರ್‌ಗೂ ಅದರ ಕೀಬೋರ್ಡ್‌ಗೂ ಒಂದೇ ಬಣ್ಣದ ಟೇಪ್ ಸುತ್ತಿ.

ಮಿಕ್ಸರ್ ಬೇಕಾಗುವುದು ಗಣೇಶ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ನಾಲ್ಕು ಜನರ ಮುಂದೆ ನುಡಿಸುವಾಗ. ಆಗ ಬಾಡಿಗೆಗೆ ತನ್ನಿ. ಒಂದು ವಿಷಯ ಮಾತ್ರ ಜ್ಞಾಪಕ ಇಟ್ಟುಕೊಳ್ಳಿ. ಕೀಬೋರ್ಡ್‌ನ ಹೆಡ್‌ಫೋನ್ ತೂತಿನಿಂದ ಬರುವುದು ಸ್ಟೀರಿಯೊ. ಸ್ಟೀರಿಯೊ ಪಿನ್ನಿನ ಕೇಬಲ್ ಅನ್ನು ನೇರವಾಗಿ ಮಿಕ್ಸರ್‌ನ ಒಂದು ಮೈಕ್ ಚಾನೆಲ್‌ನ ತೂತಿಗೆ ಚುಚ್ಚಿದರೆ ಎಡ, ಬಲ ಒಂದನ್ನೊಂದು ಕಳೆದುಕೊಂಡು ಧ್ವನಿ ಟೊಳ್ಳಾಗುತ್ತದೆ, ಕೆಲವೊಮ್ಮೆ ಮಾಯವೇ ಆಗುತ್ತದೆ. ಆಗ ಎಲ್ಲರೂ ಕೀಬೋರ್ಡ್ ಕೆಟ್ಟಿದೆ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಒಂದು ಸ್ಟೀರಿಯೊ ಪಿನ್, ಎರಡು ಮೋನೊ ಪಿನ್ ಇರುವ ಕೇಬಲ್ ತಗೊಂಡು ಸ್ಟೀರಿಯೊ ಚಾನೆಲ್‌ಗೆ ಹಾಕಿ. ಗಿಟಾರ್ ಆಂಪ್ ಬೇಡ, ಅದರಲ್ಲಿ ಕೀಬೋರ್ಡ್‌ನ ಮೇಲಿನ ಸ್ವರಗಳು ಮಂಕಾಗುತ್ತವೆ. ಬ್ಲೂಟೂತ್ ಸ್ಪೀಕರ್ ಅಂತೂ ಬೇಡವೇ ಬೇಡ. ಅದರಲ್ಲಿ ಶಬ್ದ ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಐದನೇ ಒಂದು ಭಾಗದಷ್ಟು ತಡವಾಗಿ ಬರುವುದು ಮಾಮೂಲು. 100ರ ಸ್ಪೀಡ್‌ನಲ್ಲಿ ಒಂದು ಬೀಟ್ ಅಂದರೆ 0.6 ಸೆಕೆಂಡ್. ಬೀಟ್‌ನ ಮೂರನೇ ಒಂದು ಭಾಗ ತಡವಾಗಿ ಕೇಳಿಸಿದರೆ ಯಾರಿಗೆ ತಾನೇ ತಾಳ ನಿಲ್ಲುತ್ತದೆ?

ಮಿಡಿ ಕೇಬಲ್ ಹಾಕಿ ರಿದಂಗಳನ್ನು ಜೋಡಿಸಬಹುದಲ್ಲ ಅಂತ ಹುಡುಗ ಕೇಳಬಹುದು. ಜೋಡಿಸಬಹುದು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದಕ್ಕೊಂದು ಮಾತಾಡಲಿ ಅಂತಲೇ 1983ರಲ್ಲಿ ಮಿಡಿ ಬಂತು. ಒಂದು ಯಂತ್ರ ಬೀಟ್‌ಗೆ 24 ಸಲ ಸೂಚನೆ ಕಳಿಸುತ್ತದೆ, ಇನ್ನೊಂದು ಅದನ್ನು ಹಿಂಬಾಲಿಸುತ್ತದೆ. ಆದರೆ ಈಗಿನ ಮನೆಬಳಕೆಯ ಮಾಡೆಲ್‌ಗಳಲ್ಲಿ ಹಳೆಯ ದುಂಡು ಐದು ಪಿನ್ನಿನ ತೂತು ಅಪರೂಪ, ಯುಎಸ್‌ಬಿ ಮಾತ್ರ. ನಡುವೆ ಲ್ಯಾಪ್‌ಟಾಪ್ ಬೇಕು. ಭಾನುವಾರ ಸಂಜೆ ಲ್ಯಾಪ್‌ಟಾಪ್ ಮುಂದೆ ಕೂತರೆ ನುಡಿಸುವುದು ಯಾವಾಗ?

ಕೊನೆಯದಾಗಿ ಕ್ಯಾಲಿಫೋರ್ನಿಯಾದ ಸ್ನೇಹಿತರು. ವಿಡಿಯೊ ಕಾಲ್‌ನಲ್ಲಿ ಅವರು ನಿಮ್ಮನ್ನು ಕೇಳಬಹುದು, ಹರಟಬಹುದು. ಒಟ್ಟಿಗೆ ನುಡಿಸಲು ಆಗುವುದಿಲ್ಲ. ಇದು ಇಂಟರ್‌ನೆಟ್ ಪ್ಯಾಕ್ ಬದಲಿಸಿದರೆ ಹೋಗುವ ತೊಂದರೆ ಅಲ್ಲ. ಇಲ್ಲಿಂದ ಅಲ್ಲಿಗೆ ಸುಮಾರು 14,000 ಕಿಲೋಮೀಟರ್. ಫೈಬರ್ ಕೇಬಲ್‌ನೊಳಗೆ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ನೇರ ಕೇಬಲ್ ಇದ್ದರೂ ನಿಮ್ಮ ಬೀಟ್ ಅವರಿಗೆ ತಲುಪಲು 70 ಮಿಲಿಸೆಕೆಂಡ್, ಅವರ ಉತ್ತರ ನಿಮಗೆ ಬರಲು ಇನ್ನೊಂದು 70. ನಿಜವಾದ ದಾರಿ ಸುತ್ತುಬಳಸು, ಕಾಲ್‌ನ ತಂತ್ರಾಂಶದ್ದು ಬೇರೆ ವಿಳಂಬ. ಕೂಡಿ ನುಡಿಸುವವರಿಗೆ ಒಂದು ಕಡೆಯ ವಿಳಂಬ 25-30 ಮಿಲಿಸೆಕೆಂಡ್ ದಾಟಿದರೆ ತಾಳ ಎಳೆದಾಡತೊಡಗುತ್ತದೆ. ಸಾಲದ್ದಕ್ಕೆ, ಮಾತಿಗೆಂದು ಮಾಡಿದ ಈ ಕಾಲ್‌ಗಳು ಉದ್ದಕ್ಕೆ ಹಿಡಿದ ಸ್ವರವನ್ನು ಫ್ಯಾನ್ ಸದ್ದು ಅಂದುಕೊಂಡು ಅಳಿಸಿಯೂ ಬಿಡುತ್ತವೆ.

ಹೀಗೆ ಮಾಡಿ. ಶನಿವಾರ ಅವರು ತಮ್ಮ ಕೀಬೋರ್ಡ್‌ನಲ್ಲಿ ರಿದಂ, ಬೇಸ್, ನಾಲ್ಕು ಕಾರ್ಡ್ ಐದು ನಿಮಿಷ ನುಡಿಸಿ ರೆಕಾರ್ಡ್ ಮಾಡಿ ಕಳಿಸಲಿ. ಶುರುವಿಗೆ ನಾಲ್ಕು ಬೀಟ್ ಎಣಿಕೆ ಇರಲಿ. ಭಾನುವಾರ ನಿಮ್ಮಲ್ಲಿ ಯಾರೂ ರಿದಂ ಹಾಕಬೇಡಿ. ಆ ರೆಕಾರ್ಡಿಂಗ್ ಅನ್ನು ಕೇಬಲ್‌ನಲ್ಲಿ ಸ್ಪೀಕರ್‌ಗೆ ಹಾಕಿ, ಅದರ ಮೇಲೆ ನುಡಿಸಿ. ಮೊಬೈಲ್‌ನಲ್ಲಿ ಹಿಡಿದು ಅವರಿಗೆ ವಾಪಸ್ ಕಳಿಸಿ. ಟ್ರಾನ್ಸ್‌ಪೋಸ್ ಎಷ್ಟಿಟ್ಟಿದ್ದೇನೆ ಅಂತ ಅವರು ಮೆಸೇಜ್‌ನಲ್ಲಿ ಬರೆದು ಕಳಿಸುವುದನ್ನು ಮಾತ್ರ ಮರೆಯದಿರಲಿ.